ದೇವರ ಜಗಲಿಯ ಮೇಲಿನ ಡಿಸ್ಕು

ನನ್ನ ಹೆಂಡತಿ ತೀರಿಕೊಂಡು ಕಾರ್ಯಗಳೆಲ್ಲ ಮುಗಿದ ಮೇಲೆ ಅವಳ ಸೀರೆಗಳನ್ನು ಅವಳ ತಂಗಿಯರು ತಿಕೋಟಾಕ್ಕೆ ಒಯ್ದರು. ಚಪ್ಪಲಿಗಳನ್ನು ನನ್ನ ಅವ್ವ ಯಾರಿಗೋ ಕೊಟ್ಟಳು. ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಅವಳು ಹೊದಿಸಿದ್ದ ಹಳೆಯ ಖಣದ ಬಟ್ಟೆ ಅದರ ಮೇಲೆ ಹಾಗೇ ಇತ್ತು. ಅದರ ಜೊತೆಗೆ ಹಚ್ಚುತ್ತಿದ್ದ ಕಪ್ಪು ಹಾರ್ಡ್ ಡಿಸ್ಕು ಮಾತ್ರ ಅಲ್ಲಿರಲಿಲ್ಲ. ಅದು ದೇವರ ಜಗಲಿಯ ಮೇಲೆ, ಮಲ್ಲಯ್ಯನ ಫೋಟೋದ ಪಕ್ಕದಲ್ಲಿ, ಅವಳು ಕೊನೆಯ ಸಲ ಇಟ್ಟಲ್ಲೇ ಇತ್ತು. ಅವ್ವ ದಿನಾ ಜಗಲಿ ಒರೆಸುವಾಗ ಅದರ ಸುತ್ತ ಒರೆಸುತ್ತಿದ್ದಳು, ಎತ್ತುತ್ತಿರಲಿಲ್ಲ.

ಅವಳ ಕೆಲಸ ಮದುವೆ ವಿಡಿಯೋಗಳ ಮಿಕ್ಸಿಂಗ್. ಕ್ಯಾಮೆರಾದವರು ತೆಗೆದು ತಂದದ್ದರಲ್ಲಿ ಬೇಡವಾದದ್ದನ್ನು ಕತ್ತರಿಸಿ, ಬೇಕಾದದ್ದನ್ನು ಜೋಡಿಸಿ, ಹಾಡು ಹಚ್ಚಿ, ಹೆಸರು ಬರೆದು ಒಂದು ಮಾಡುವುದಕ್ಕೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ವಿಜಯಪುರದ ಒಂದು ಸ್ಟುಡಿಯೋದವರು ಕೆಲಸ ಕೊಡುತ್ತಿದ್ದರು. ಅವಳು ಬಬಲೇಶ್ವರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮಾಡುತ್ತಿದ್ದಳು. ಸುತ್ತಲಿನ ಹಳ್ಳಿಗಳ ಎಷ್ಟೋ ಮದುವೆಗಳನ್ನು ಅವಳು ಒಂದಕ್ಕೂ ಹೋಗದೆ ನೋಡಿದ್ದಳು. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವಳು ಒಮ್ಮೆ ನನ್ನ ತೋಳು ಜಗ್ಗಿ, ಆಚೆ ನಿಂತ ಹೆಂಗಸನ್ನು ಕಣ್ಣಲ್ಲೇ ತೋರಿಸಿದಳು.

"ಮಗಳ ಲಗ್ನದಾಗ ಆಕಿ ಭಾಳ ಅತ್ತಿದ್ಲು ನೋಡ್ರಿ."

"ಆಕಿ ನಿನಗ ಗುರ್ತು ಅದಾಳೇನ?"

"ಆಕಿಗೆ ನಾ ಗುರ್ತಿಲ್ಲ. ಆ ಅಳೂದನ್ನ ಕತ್ತರಿಸಿದಾಕಿ ನಾನ."

ಸ್ಟುಡಿಯೋದವರಿಗೆ ಅಳು ಹೆಚ್ಚು ಬೇಡವಾಗಿತ್ತು. ಬ್ಯಾಂಡು, ಕುಣಿತ, ಊಟದ ಪಂಕ್ತಿ ಇರಬೇಕು, ಅಳು ಸ್ವಲ್ಪ ಸಾಕು ಅನ್ನುತ್ತಿದ್ದರು. ಅವಳು ಹೇಳಿದಷ್ಟು ಮಾಡುತ್ತಿದ್ದಳು.

ಮನೆಯಲ್ಲಿ ನಾವು ಮೂವರೇ: ನಾನು, ಅವಳು, ನನ್ನ ಅವ್ವ. ಮಕ್ಕಳಾಗಲಿಲ್ಲ. ನಾನು ತಿಕೋಟಾದ ಹತ್ತಿರ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತೇನೆ. ರೈತರು ಒಣದ್ರಾಕ್ಷಿಯ ಬಾಕ್ಸುಗಳನ್ನು ತಂದು ಇಡುತ್ತಾರೆ, ರೇಟು ಬಂದಾಗ ಒಯ್ಯುತ್ತಾರೆ. ಯಾರ ಮಾಲು ಯಾವ ರ‍್ಯಾಕಿನಲ್ಲಿ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಅವಳ ತವರುಮನೆ ತಿಕೋಟಾದಲ್ಲೇ, ದ್ರಾಕ್ಷಿ ತೋಟದವರು.

ಡಿಸ್ಕು ಜಗಲಿಗೆ ಬಂದದ್ದು ಆ ತವರುಮನೆಯ ರೂಢಿಯಿಂದ. ಅಲ್ಲಿ ಗೊನೆ ಕತ್ತರಿಸುವ ಕತ್ತರಿಗಳನ್ನೆಲ್ಲ ಸಂಜೆ ತೊಳೆದು ಒರೆಸಿ ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಆಮೇಲೆ ದೀಪ ಹಚ್ಚುತ್ತಾರೆ. ಅನ್ನ ಕೊಡುವ ವಸ್ತು ದೀಪದ ಹೊತ್ತಿಗೆ ಕೆಲಸದಲ್ಲಿ ಇರಬಾರದು, ಅದಕ್ಕೂ ವಿಶ್ರಾಂತಿ ಬೇಕು ಎಂದು ಅವಳ ಅಪ್ಪ ಹೇಳುತ್ತಿದ್ದರಂತೆ. ಅವಳ ಕೈಯಲ್ಲಿ ಕತ್ತರಿಯ ಬದಲು ಡಿಸ್ಕು ಇತ್ತು. ದಿನಾ ಸಂಜೆ ಅದನ್ನು ಬಿಚ್ಚಿ, ಸೆರಗಿನಿಂದ ಒರೆಸಿ, ಜಗಲಿಗೆ ಒಯ್ದು ಇಟ್ಟು, ಕುಂಕುಮದ ಬೊಟ್ಟು ಇಡುತ್ತಿದ್ದಳು. ಅವ್ವನಿಗೆ ಸೊಸೆಯ ಈ ನಡತೆ ಬಹಳ ಇಷ್ಟವಾಗಿತ್ತು. ಓಣಿಯ ಹೆಂಗಸರಿಗೆ ಹೇಳಿಕೊಳ್ಳುತ್ತಿದ್ದಳು.

ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಮೊದಲು ಇಲ್ಲೇ ತೋರಿಸಿದೆವು, ಆಮೇಲೆ ವಿಜಯಪುರಕ್ಕೆ ಒಯ್ದೆವು. ಸೋಂಕು ರಕ್ತಕ್ಕೆ ಹೋಗಿದೆ ಅಂದರು. ಅಲ್ಲಿಂದ ಅವಳು ಮನೆಗೆ ಬರಲಿಲ್ಲ. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿದ್ದಾಗ ಒಂದು ರವಿವಾರ ಮಮದಾಪುರದಿಂದ ಒಬ್ಬ ಹೆಣ್ಣುಮಗಳು ಬಂದಳು. ಕುರಿ ಸಾಕುವ ಮನೆಯವಳು. ಯುಗಾದಿ ಆದಮೇಲೆ ಅವಳ ಮಗಳ ಮದುವೆ ಆಗಿತ್ತು. ಬಾಗಿಲಲ್ಲೇ ನಿಂತಳು.

"ಅಣ್ಣಾರ, ಈ ಮಾತು ಕೇಳಾಕ ನನಗ ನಾಚಿಕಿ ಆಕ್ಕೈತ್ರಿ. ಒಳಗ ಬರಾಕ ಕಾಲ ಏಳವಲ್ವು."

ಅವ್ವ ಎದ್ದು ಹೋಗಿ ಅವಳ ಕೈ ಹಿಡಿದಳು. "ಬಾ ಯವ್ವಾ, ಕುಂದರು. ಬಿಸಲಾಗ ಬಂದೀದಿ, ಮೊದಲ ನೀರ ಕುಡಿ."

ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಅವಳು ಹೇಳಿದಳು. "ಮಗಳು ಬಸರಿ ಅದಾಳ್ರಿ, ಆಕಿ ಕುಬಸ ಇಟ್ಕೊಂಡೇವಿ. ನನ್ನ ಹಿರೇಮಗ ತಂಗಿ ಲಗ್ನಕ್ಕ ಇರಲಿಲ್ಲ. ಕುರಿ ತಗೊಂಡ ಹೊಳಿದಂಡಿಗೆ ಹೋಗಿದ್ದ. ಹಿಂಡಿಗೆ ರೋಗ ಬಿತ್ತು, ಬಿಟ್ಟ ಬರಾಕ ಆಗಲಿಲ್ಲ. ಒಬ್ಬಾಕೀನ ತಂಗಿ ನೋಡ್ರಿ. ಆಕಿ ತಲಿ ಮ್ಯಾಲ ಅಕ್ಕಿಕಾಳ ಹಾಕಲಿಲ್ಲಲ್ಲಾ ಅಂತ ಇನ್ನೂ ಮನಸಿನಾಗ ಇಟ್ಕೊಂಡಾನ. ಕುಬಸಕ್ಕ ಬರ್ತಾನ. ಅವತ್ತ ಲಗ್ನದ ವಿಡಿಯೋ ಟೀವಿಗೆ ಹಚ್ಚಿ ತೋರಸಬೇಕಂತ ನನ್ನ ಆಸೆ. ಸ್ಟುಡಿಯೋಕ್ಕ ಹೋಗಿದ್ದೆ. ಬಾಯಾರ ಕಡೆ ಐತಿ, ನಮ್ಮ ಕಡೆ ಏನೂ ಉಳದಿಲ್ಲ ಅಂದ್ರು."

ಬಾಯಾರು ಅಂದರೆ ನನ್ನ ಹೆಂಡತಿ. ಸ್ಟುಡಿಯೋದವರ ಕಾರ್ಡುಗಳಲ್ಲಿ ಮುಂದಿನ ಮದುವೆಗಳು ತುಂಬಿಕೊಂಡಿದ್ದವು. ಆ ಹುಡುಗಿಯ ಮದುವೆ ಈಗ ಇದ್ದದ್ದು ಜಗಲಿಯ ಮೇಲಿನ ಡಿಸ್ಕಿನಲ್ಲಿ ಮಾತ್ರ.

"ಆಗದಿದ್ರ ಇರಲಿ ಬಿಡ್ರಿ," ಅಂದಳು ಅವಳು, ನನ್ನ ಮುಖ ನೋಡಿ. "ನಿಮ್ಮ ಮನಿ ಬೆಳಕ ಹೋಗೇತಿ. ನಮ್ಮದೇನ ಇದು."

ಆಗುತ್ತದೆ ಅಂದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅದು ನನ್ನ ಹೆಂಡತಿಯ ಕೊನೆಯ ಕೆಲಸ. ಮಿಕ್ಸಿಂಗ್ ಮುಗಿಸಿದ್ದಳು. ಒಂದು ಗುಂಡಿ ಒತ್ತಿ ಪೂರ್ತಿ ವಿಡಿಯೋ ಹೊರಗೆ ತೆಗೆಯುವುದು, ಅವರ ಭಾಷೆಯಲ್ಲಿ ಔಟ್‌ಪುಟ್, ಅಷ್ಟೇ ಉಳಿದಿತ್ತು. ಜ್ವರದಲ್ಲೇ ಎದ್ದು ಕೂತು ಒತ್ತಿದ್ದಳು. ಆಗಲಿಲ್ಲ. "ನಾಳೆ ನೋಡ್ತೇನಿ ಇದನ್ನ," ಎಂದು ಡಿಸ್ಕು ಬಿಚ್ಚಿ ಜಗಲಿಗೆ ಇಟ್ಟು ಬಂದು ಮಲಗಿದ್ದಳು.

ಆ ಹೆಣ್ಣುಮಗಳು ಹೋದ ಮೇಲೆ ಅವ್ವನಿಗೆ ಡಿಸ್ಕು ತಂದುಕೊಡು ಅಂದೆ.

"ಆಕಿ ಇಟ್ಟದ್ದು. ನಾ ತಗ್ಯಾಂಗಿಲ್ಲ. ನೀನ ತಗೋ."

ತೆಗೆದೆ. ಅದರ ಕೆಳಗೆ ಜಗಲಿಯ ಮೇಲೆ ಒಂದು ಚೌಕ ಗುರುತು ಬಿದ್ದಿತ್ತು. ಕಂಪ್ಯೂಟರಿಗೆ ಹಚ್ಚಿ, ಅವಳು ತೋರಿಸಿದ್ದು ನೆನಪಿದ್ದಂತೆ ಆ ಗುಂಡಿ ಒತ್ತಿದೆ. ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಡಿಸ್ಕಿನಲ್ಲಿ ಜಾಗ ಇಲ್ಲ ಎಂದು ಅದರ ಅರ್ಥ.

ಈ ಮಾತು ನನಗೆ ಹೊಸದಲ್ಲ. ಬೇಸಿಗೆಯಿಂದಲೂ ಅವಳು ಇದೇ ಗೊಣಗುತ್ತಿದ್ದಳು. "ಇದರ ಹೊಟ್ಟಿ ಏನ್ ಹೊಟ್ಟಿನೋ. ಎಷ್ಟ ತಗದ್ರೂ ತುಂಬೇ ಇರ್ತೈತಿ." ಕೊಟ್ಟು ಮುಗಿದ ಮದುವೆಗಳನ್ನು ಮೊದಲು ಅಳಿಸಿದಳು. ಜಾಗ ಸಾಲಲಿಲ್ಲ. ದಸರೆಯ ಸೀಮೋಲ್ಲಂಘನದಲ್ಲಿ ತೆಗೆದ ಅವಳ ತಂಗಿಯ ಫೋಟೋ, ಯಾರೋ ಕೊಟ್ಟ ಭಜನೆ ಎಲ್ಲ ಹೋದವು. ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಹೇಳಿದಳು. "ಶೆಡ್ಡಿನಾಗಿಂದು ಇವತ್ತ ಅಳಿಸಿಬಿಟ್ಟೆ, ನೋಡ್ರಿ."

ಶೆಡ್ಡಿನದು ಅಂದರೆ ನಾನು ತೆಗೆದ ಒಂದೇ ಒಂದು ವಿಡಿಯೋ. ಹಿಂದಿನ ವರ್ಷ ದ್ರಾಕ್ಷಿ ಸುಗ್ಗಿಯಲ್ಲಿ ತಿಕೋಟಾಕ್ಕೆ ಹೋಗಿದ್ದೆವು. ಸ್ಟುಡಿಯೋದ ಕ್ಯಾಮೆರಾ ಅವಳ ಹತ್ತಿರ ಇತ್ತು. ಒಣಗಿಸುವ ಶೆಡ್ಡಿನ ಬಲೆಗಳ ಮೇಲೆ ದ್ರಾಕ್ಷಿ ಹರವುತ್ತಿದ್ದಳು, ತಲೆಗೆ ಟವೆಲ್ ಸುತ್ತಿಕೊಂಡು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಬೈಯತೊಡಗಿದಳು. ನನ್ನನ್ನೇನು ತೆಗೆಯುತ್ತೀರಿ, ದ್ರಾಕ್ಷಿ ತೆಗೆಯಿರಿ, ನಿಮ್ಮ ಕೈ ನಡುಗುತ್ತಿದೆ ಅಂತ. ಬೈಯುತ್ತಲೇ ನಗುತ್ತಿದ್ದಳು. ಊರ ಮಂದಿಯನ್ನೆಲ್ಲ ಪರದೆಯ ಮೇಲೆ ನೋಡಿದವಳು ತಾನು ಪರದೆಯ ಮೇಲೆ ಇದ್ದದ್ದು ಅದೊಂದರಲ್ಲೇ.

"ಅದನ್ನ ಯಾಕ ಅಳಿಸಿದಿ?" ಅಂದೆ.

"ನಮ್ಮದಂದ್ರ ಇನ್ನೊಮ್ಮೆ ತಗೀಬಹುದ್ರಿ. ಮಂದಿ ಲಗ್ನ ಇನ್ನೊಮ್ಮೆ ಆಗ್ತಾವೇನ?" ಎಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆಗ ಆ ಮಾತು ಸರಿಯಾಗಿಯೇ ಇತ್ತು.

ಆ ರವಿವಾರ ಡಿಸ್ಕಿನಲ್ಲಿ ಏನೇನಿದೆ ಎಂದು ಒಂದೊಂದಾಗಿ ನೋಡಿದೆ. ಮಮದಾಪುರದ ಮದುವೆ, ಹಾಡುಗಳು, ಹೂವಿನ ಚಿತ್ರಗಳು, ಇನ್ನೆರಡು ಹಳೆಯ ಕೆಲಸ. ಎಲ್ಲ ಕೂಡಿಸಿದರೂ ಡಿಸ್ಕಿನ ಅರ್ಧವೂ ಆಗಲಿಲ್ಲ. ಮತ್ತೆ ಕೂಡಿಸಿದೆ. ಅಷ್ಟೇ ಬಂತು. ಕಂಪ್ಯೂಟರು ಮಾತ್ರ ತುಂಬಿದೆ ಅನ್ನುತ್ತಿತ್ತು. ಹಾಗಾದರೆ ಉಳಿದ ಅರ್ಧದಲ್ಲಿ ಕಾಣದೆ ಏನೋ ಕೂತಿದೆ. ನನಗೆ ಒಂದೇ ವಿಚಾರ ಬಂತು. ಅವಳು ಅಳಿಸಿದ್ದು ಪೂರ್ತಿ ಅಳಿಸಿರಲಿಕ್ಕಿಲ್ಲ. ಶೆಡ್ಡಿನ ವಿಡಿಯೋ ಅಲ್ಲಿರಬೇಕು. ಇದನ್ನು ಅವ್ವನಿಗೆ ಹೇಳಲಿಲ್ಲ.

ಮರುದಿನ ಕೆಲಸಕ್ಕೆ ರಜೆ ಹಾಕಿ, ಡಿಸ್ಕನ್ನು ಅವಳೇ ಹೊಲಿದ ಚೀಲದಲ್ಲಿ ಹಾಕಿಕೊಂಡು ವಿಜಯಪುರದ ಬಸ್ಸು ಹತ್ತಿದೆ. ಸೊಲ್ಲಾಪುರ ರಸ್ತೆಯಲ್ಲಿ ಒಂದು ವೆಲ್ಡಿಂಗ್ ಅಂಗಡಿಗೂ ಟೈರಿನ ಅಂಗಡಿಗೂ ನಡುವೆ ಕಂಪ್ಯೂಟರ್ ರಿಪೇರಿಯವನ ಅಂಗಡಿ ಇದೆ. ಅವಳು ಅಲ್ಲಿಗೇ ಹೋಗುತ್ತಿದ್ದಳು. ಅವನು ಅವಳಿಗೆ ಅಕ್ಕಾರ ಅನ್ನುತ್ತಿದ್ದ, ಹೀಗಾಗಿ ನಾನು ಅವನಿಗೆ ಮಾಮಾರ. ಬಾಯಿ ಜೋರು, ಮನುಷ್ಯ ಒಳ್ಳೆಯವನು. ನನ್ನನ್ನು ನೋಡಿ ಎದ್ದು ನಿಂತ.

"ಬರ್ರಿ ಮಾಮಾರ. ಅಕ್ಕಾರ ಸುದ್ದಿ ಸ್ಟುಡಿಯೋದವ್ರ ಹೇಳಿದ್ರು. ಬಂದ ಮಾರಿ ತೋರಸಬೇಕಂದ್ರ ಧೈರ್ಯ ಆಗಲಿಲ್ಲ."

ಸ್ಟೂಲು ಎಳೆದು ನನ್ನನ್ನು ಕೂಡಿಸಿದ. ವೆಲ್ಡಿಂಗ್ ಅಂಗಡಿಯಿಂದ ಕಬ್ಬಿಣ ಬಡಿಯುವ ಸದ್ದು ಬರುತ್ತಿತ್ತು. ಆಮೇಲೆ ಡಿಸ್ಕು ತೆಗೆದುಕೊಟ್ಟು ವಿಷಯ ಹೇಳಿದೆ.

"ಇಷ್ಟೇ ಏನ್ರಿ? ಫಾರ್ಮ್ಯಾಟ್ ಹೊಡದ್ರ ಮುಗದ ಹೋತು."

"ಅಂದ್ರ?"

"ಪೂರಾ ತೊಳದ ಹಾಕೂದು. ಹೊಸಾದರಗತೆ ಆಕ್ಕೈತಿ."

"ಒಳಗಿಂದು?"

"ಒಳಗಿಂದು ಹೋಕ್ಕೈತ್ರಿ, ಮತ್ತ."

ನಾನು ಡಿಸ್ಕಿನ ಮೇಲೆ ಕೈ ಇಟ್ಟೆ. ಅವನು ನನ್ನ ಕೈ ನೋಡಿದ, ಮತ್ತೆ ಆ ಮಾತು ಆಡಲಿಲ್ಲ. ಮಮದಾಪುರದ ಮದುವೆಯನ್ನು ಮೊದಲು ತನ್ನ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡ. ಏನಾದರೂ ಹೆಚ್ಚುಕಡಿಮೆಯಾದರೂ ಹುಡುಗಿಯ ಮದುವೆ ಉಳಿದಿರಲಿ ಅಂದ. ಅದು ಆಗುವವರೆಗೆ ಚಹಾ ತರಿಸಿದ.

ಮುಂದೆ ಅವನು ಹುಡುಕುತ್ತ ಹೋದ, ನಾನು ನೋಡುತ್ತ ಕೂತೆ. ಅಳಿಸಿದ್ದು ಹೋಗಿ ಕೂಡುವ ಕಸದ ಬುಟ್ಟಿ ನೋಡಿದ. ಖಾಲಿ ಇತ್ತು. ಮುಚ್ಚಿಟ್ಟ ಕಡತಗಳನ್ನೆಲ್ಲ ತೋರಿಸು ಎಂದು ಕಂಪ್ಯೂಟರಿಗೆ ಹೇಳಿದ. ಒಂದೆರಡು ಸಣ್ಣವು ಬಂದವು, ಅಷ್ಟೇ. ವೈರಸ್ಸೇ ಇರಬೇಕು, ನೂರಕ್ಕೆ ನೂರು ಎಂದು ಅದರ ತಪಾಸಣೆ ಹಚ್ಚಿದ. ಅದೂ ಏನೂ ಇಲ್ಲ ಅಂದಿತು.

"ಅಕ್ಕಾರ ಡಿಸ್ಕು ಅಕ್ಕಾರಗತೇನ ಐತ್ರಿ," ಅಂದ. "ಕೇಳಿದ್ರ ಏನೂ ಹೇಳಾಂಗಿಲ್ಲ."

ನಡುವೆ ಡಿಸ್ಕಿನ ಸಂಪರ್ಕ ಒಮ್ಮೆ ತಾನೇ ಕಡಿದುಹೋಯಿತು. ವೈರು ಚುಚ್ಚುವ ಕಿಂಡಿಯಲ್ಲಿ ಧೂಳು ಕೂತಿರಬೇಕೆಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಿಳಿ ಕಾಗದದ ಮೇಲೆ ಬಡಿದ. ಕೆಂಪು ಪುಡಿ ಉದುರಿತು. ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದ.

"ಮಾಮಾರ, ಈ ಧಂದೆದಾಗ ನಾ ಡಿಸ್ಕಿನಾಗ ಇರಿವಿ ನೋಡೇನಿ, ಜಿರಳಿ ನೋಡೇನಿ. ಒಬ್ರು ಹಲ್ಲಿ ತತ್ತಿ ಸೈತ ತಂದಿದ್ರು. ಕುಂಕುಮ ಇದ ಮೊದಲ."

ನನಗೂ ನಗು ಬಂತು. ಬಹಳ ದಿನದ ಮೇಲೆ. ಜಗಲಿಯ ಸಂಗತಿ ಹೇಳಿದೆ. ಕತ್ತರಿಯ ರೂಢಿ, ದೀಪದ ಹೊತ್ತು, ಸೆರಗಿನಿಂದ ಒರೆಸುವುದು, ಎಲ್ಲ. ಅವನು ಬ್ರಷ್ಷು ಹಿಡಿದುಕೊಂಡೇ ಕೇಳುತ್ತಿದ್ದ.

"ದಿನಾ ಹಿಂಗ ಮಾಡ್ತಿದ್ರಾ?"

"ಒಂದ ದಿನಾನೂ ತಪ್ಪಿಸಿದಾಕಿ ಅಲ್ಲ."

"ಬಿಚ್ಚೂಮುಂದ ಅದು ಕೆಲಸದಾಗ ಇರ್ತಿತ್ತಲ್ರಿ? ಏನರ ಕಾಪಿ ಆಗಾಕತ್ತಿರ್ತಿತ್ತು?"

"ಇರ್ತಿತ್ತು. ದೀಪದ ಹೊತ್ತಾತಂದ್ರ ಅರ್ಧಕ್ಕ ಕಿತ್ತು ಒಯ್ದ ಇಡ್ತಿದ್ಲು. ಊಟ ಆದಮ್ಯಾಲ ಮತ್ತ ಹಚ್ಚಿ ಮೊದಲಿಂದ ಸುರು ಮಾಡ್ತಿದ್ಲು."

ಅವನು ಬ್ರಷ್ಷು ಕೆಳಗಿಟ್ಟ. "ಸಿಕ್ತು ನೋಡ್ರಿ."

ಅವನು ತಿಳಿಸಿ ಹೇಳಿದ. ಏನನ್ನಾದರೂ ಡಿಸ್ಕಿಗೆ ಹಾಕುವಾಗ ಅದು ಮೊದಲು ಜಾಗ ಹಿಡಿಯುತ್ತದೆ, ಆಮೇಲೆ ತುಂಬುತ್ತದೆ, ಎಲ್ಲ ಮುಗಿದ ಮೇಲೆ ಯಾರದು ಎಷ್ಟು ಎಂದು ಲೆಕ್ಕಕ್ಕೆ ಹಚ್ಚಿಕೊಳ್ಳುತ್ತದೆ. ನಡುವೆ ಕಿತ್ತರೆ ಹಿಡಿದ ಜಾಗ ಹಿಡಿದೇ ಇರುತ್ತದೆ. ಆದರೆ ಅದು ಯಾರ ಹೆಸರಿನಲ್ಲೂ ಇರುವುದಿಲ್ಲ. ನೋಡಲು ಹೋದರೆ ಕಾಣುವುದಿಲ್ಲ, ಬಳಸಲು ಹೋದರೆ ತುಂಬಿದೆ ಅನ್ನುತ್ತದೆ.

ಇದು ನನಗೆ ತಿಳಿಯುವ ಮಾತಾಗಿತ್ತು. ಸುಗ್ಗಿಯಲ್ಲಿ ಕೋಲ್ಡ್ ಸ್ಟೋರೇಜಿನ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಬಾಕ್ಸು ಏರುವ ಮೊದಲೇ ನಾನು ರ‍್ಯಾಕಿನ ಮೇಲೆ ಸೀಮೆಸುಣ್ಣದಿಂದ ಆ ರೈತನ ಗುರುತು ಹಾಕಿಬಿಡುತ್ತೇನೆ. ನಡುವೆ ಕರೆಂಟು ಹೋಗಿ ಲಿಫ್ಟು ನಿಂತರೆ ಅವನ ಮಾಲನ್ನು ಕೆಳಗಿನ ಕೋಣೆಗೆ ಹಾಕುತ್ತೇವೆ. ಮೇಲಿನ ಗುರುತು ಅಳಿಸುವುದು ಮರೆಯುತ್ತದೆ. ಆಮೇಲೆ ಬಂದ ಹಮಾಲರು ಗುರುತು ನೋಡಿ, ಇದು ಯಾರದೋ ಹಿಡಿದದ್ದು ಎಂದು ಆ ರ‍್ಯಾಕು ಬಿಟ್ಟು ಮುಂದೆ ಹೋಗುತ್ತಾರೆ. ಕೋಣೆ ತುಂಬಿತು ಎಂದು ಗಾಡಿ ತಿರುಗಿಸಿ ಕಳಿಸಿದ ಮೇಲೆ ಒಳಗೆ ಹೋದರೆ ಖಾಲಿ ರ‍್ಯಾಕುಗಳು ಇರುತ್ತವೆ.

"ಅದ ಇದು, ಮಾಮಾರ," ಅಂದ ಅವನು ಖುಷಿಯಿಂದ. "ಗುರ್ತ ಐತಿ, ಮಾಲ ಇಲ್ಲ. ನೀವು ಏನ ಮಾಡ್ತೀರಿ ಅದಕ್ಕ?"

"ಒದ್ದಿ ಅರಿವಿಲೆ ಒರಸ್ತೀನಿ."

"ನಾನೂ ಅದನ್ನ ಮಾಡಾಂವ."

ಅವನು ಕಪ್ಪು ಪರದೆಯ ಮೇಲೆ ಏನೋ ಬರೆದ. ಕಂಪ್ಯೂಟರು ಹುಡುಕಿ ಹುಡುಕಿ ಕೊನೆಗೆ ಒಂದು ಪ್ರಶ್ನೆ ಕೇಳಿತು. ವಾರಸುದಾರರಿಲ್ಲದ ಈ ತುಣುಕುಗಳನ್ನು ಕಡತ ಮಾಡಿ ಕೊಡಲೋ ಬೇಡವೋ ಎಂದು. ಬೇಡ ಅಂದರೆ ಆ ಜಾಗ ಖಾಲಿಯಾಗುತ್ತದೆ.

"ಕಡತ ಮಾಡು," ಅಂದೆ.

"ಎದಕ್ಕ್ರಿ? ಅರ್ಧಮರ್ಧ ಕಾಪಿ ಅದಾವ ಅವು. ಯಾತಕ್ಕೂ ಬರೂದಿಲ್ಲ."

ಆಗ ಅವನಿಗೆ ಶೆಡ್ಡಿನ ವಿಡಿಯೋದ ಸಂಗತಿ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ. ಅವನು ಹೌದು ಎಂಬ ಗುಂಡಿ ಒತ್ತಿದ.

ಪರದೆಯ ಮೇಲೆ ಹೊಸದೊಂದು ಕೋಣೆ ತೆರೆದು ಅದರ ತುಂಬ ತುಣುಕುಗಳು ಬಂದವು. ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಒಂದೊಂದಾಗಿ ತೆರೆದ. ಬಹಳಷ್ಟು ತೆರೆಯಲೇ ಇಲ್ಲ. ಕೆಲವು ತೆರೆದವು. ಒಂದರಲ್ಲಿ ಅರಿಶಿನ ಹಚ್ಚಿದ ಕೈ, ಅದರ ಕೆಳಗೆ ಪರದೆಯೆಲ್ಲ ಹಸಿರು. ಒಂದರಲ್ಲಿ ಬ್ಯಾಂಡಿನವನ ಉಬ್ಬಿದ ಗಲ್ಲ, ಅಲ್ಲೇ ನಿಂತುಹೋದದ್ದು. ಒಂದರಲ್ಲಿ ಚಿತ್ರವಿಲ್ಲದೆ ಬರೀ ಗದ್ದಲ, ಪಾತ್ರೆಯ ಸದ್ದು. ದ್ರಾಕ್ಷಿ ಇರಲಿಲ್ಲ. ಟವೆಲ್ ಸುತ್ತಿದ ತಲೆ ಇರಲಿಲ್ಲ.

ಅವನು ಅಲ್ಲಿಗೆ ಬಿಡಲಿಲ್ಲ. ಅಳಿಸಿದ್ದನ್ನು ಹುಡುಕುವ ಬೇರೊಂದು ಪ್ರೋಗ್ರಾಮ್ ಹಚ್ಚಿದ. ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಗಿರಾಕಿಗಳು ಬಂದು ಕೇಳಿ ಹೋದರು. ಅವನು ಆಮೇಲೆ ಬರ್ರಿ ಅನ್ನುತ್ತಿದ್ದ. ಕೊನೆಗೆ ಪರದೆಯ ಮೇಲೆ ಅವಳು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರು ಬಂತು: ತಿಕೋಟಾ ಶೆಡ್. ನಾನು ಮುಂದೆ ಬಾಗಿದೆ. ಅವನು ತೆರೆದ. ಯಾರದೋ ಮದುವೆಯ ಮೆರವಣಿಗೆ, ಪೇಟ ಸುತ್ತಿದ ಹುಡುಗರು ಕುಣಿಯುತ್ತಿದ್ದರು.

"ಹೆಸರ ಅಷ್ಟ ಉಳದೈತ್ರಿ," ಅಂದ ಮೆಲ್ಲಗೆ. "ಆ ಜಾಗದ ಮ್ಯಾಲ ಬ್ಯಾರೆ ಲಗ್ನ ಬಂದ ಕುಂತೈತಿ. ಇನ್ನ ಬರೂದಿಲ್ಲ ಮಾಮಾರ."

ನನಗೆ ಆಗ ಅನಿಸಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಜಾಗ ಇಲ್ಲ ಎಂದು ಅವಳು ನಮ್ಮದನ್ನು ಅಳಿಸಿದಳು. ಜಾಗ ಇತ್ತು. ಅರ್ಧದಷ್ಟು ಜಾಗ ಇತ್ತು. ಅವನಿಗೆ ತಿಳಿಯಿತೆಂದು ಕಾಣುತ್ತದೆ.

"ಅಕ್ಕಾರಿಗೇನ ಗೊತ್ತ್ರಿ. ತುಂಬೇತಿ ಅಂತ ಅದು ಹೇಳ್ತು, ಅವ್ರ ನಂಬಿದ್ರು. ನನ್ನ ಮುಂದ ತಂದ ಇಟ್ಟಿದ್ರೂ ನಾ ವೈರಸ್ ಅಂತಿದ್ದೆ."

ಮದುವೆಯ ಔಟ್‌ಪುಟ್ ಆಗಬೇಕಾದರೆ ಆ ತುಣುಕುಗಳು ಹೋಗಬೇಕಿತ್ತು. ಬೇಕಾದರೆ ಅವನ್ನೆಲ್ಲ ತನ್ನ ಹತ್ತಿರದ ಒಂದು ಹಳೆಯ ಡಿಸ್ಕಿಗೆ ಹಾಕಿಕೊಡುತ್ತೇನೆ ಅಂದ. ನಾನು ಆ ನಂಬರುಗಳ ಸಾಲು ನೋಡುತ್ತ ಕೂತೆ. ಕೆಳಗೆ ಕೆಳಗೆ ಹೋಗುತ್ತಲೇ ಇತ್ತು. ಅದರಲ್ಲಿ ಅವಳು ಎಲ್ಲೂ ಇರಲಿಲ್ಲ, ಆದರೆ ಒಂದೊಂದೂ ಅವಳು ಎದ್ದ ಒಂದೊಂದು ಸಂಜೆ. ನಾನು ತಿಕೋಟಾದಿಂದ ಬಂದು ಗಾಡಿ ನಿಲ್ಲಿಸಿ ಕಾಲು ತೊಳೆಯುವ ಹೊತ್ತು. ಅವ್ವ ಒಳಗಿನಿಂದ ಬತ್ತಿ ಹೊಸೆದೆ ಎಂದು ಕೂಗುವಳು. ಕುರ್ಚಿ ಸರಿಯುವ ಸದ್ದು. ಅವಳು ಡಿಸ್ಕನ್ನು ಸೆರಗಿನಲ್ಲಿ ಹಿಡಿದು, ನನ್ನನ್ನು ದಾಟಿ ಒಳಗೆ ಹೋಗುವಾಗ "ಬಂದ್ರಾ" ಅನ್ನುವಳು. ಉತ್ತರ ಬೇಕಾಗಿರುತ್ತಿರಲಿಲ್ಲ. ಅವಳ ಇಷ್ಟು ಸಂಜೆಗಳು ಯಾರ ಹೆಸರಿನಲ್ಲೂ ಇಲ್ಲದೆ ಜಾಗ ಹಿಡಿದು ಕೂತಿದ್ದವು.

"ಒರಸಿಬಿಡು," ಅಂದೆ.

"ವಿಚಾರ ಮಾಡ್ರಿ. ಅವಸರ ಇಲ್ಲ."

"ಮಮದಾಪುರದಾಕಿ ಕಾಯಾಕತ್ತಾಳ."

ಅವನು ಕೀಬೋರ್ಡನ್ನು ನನ್ನ ಕಡೆ ತಿರುಗಿಸಿದ. ಕೋಲ್ಡ್ ಸ್ಟೋರೇಜಿನಲ್ಲಿ ಗುರುತು ಒರೆಸುವುದು ನನ್ನದೇ ಕೆಲಸ. ಇಲ್ಲೂ ನಾನೇ ಒತ್ತಿದೆ. ಸ್ವಲ್ಪ ಹೊತ್ತಿಗೆ ಡಿಸ್ಕಿನ ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳ್ಳಗಾಯಿತು.

ಹೊರಡುವಾಗ ಅವನು ಒಂದು ಮಾತು ಹೇಳಿದ. ಬಿಚ್ಚುವ ಮೊದಲು ಪರದೆಯ ಮೂಲೆಯ ಆ ಚಿಕ್ಕ ಗುರುತು ಒತ್ತಿ, ಈಗ ತೆಗೆಯಬಹುದು ಎಂದು ಅದು ಹೇಳುವವರೆಗೆ ತಡೆಯಬೇಕು. "ಜಗಲಿ ಮ್ಯಾಲ ಬೇಕಾದಷ್ಟ ಇಡ್ರಿ. ಕುಂಕುಮ ಅಷ್ಟ ತೂತಿನಿಂದ ದೂರ."

ಮರುದಿನ ಕೋಲ್ಡ್ ಸ್ಟೋರೇಜಿನಿಂದ ಬೇಗ ಬಂದು ಔಟ್‌ಪುಟ್ ಹಚ್ಚಿದೆ. ಈ ಸಲ ಆ ಇಂಗ್ಲಿಷ್ ಸಾಲು ಬರಲಿಲ್ಲ. ನೀಲಿ ಪಟ್ಟಿ ಇರುವೆಯ ಹಾಗೆ ಮುಂದೆ ಹೋಗತೊಡಗಿತು. ಪಕ್ಕದ ಸಣ್ಣ ಚೌಕದಲ್ಲಿ ಮದುವೆ ಸದ್ದಿಲ್ಲದೆ ಓಡುತ್ತಿತ್ತು. ಸಂಜೆಯಾಯಿತು. ಪಟ್ಟಿ ಇನ್ನೂ ಅರ್ಧ ದಾಟಿರಲಿಲ್ಲ. ಅವ್ವ ಕೈಕಾಲು ತೊಳೆದು ಬಂದು ಬಾಗಿಲಲ್ಲಿ ನಿಂತಳು.

"ಯಪ್ಪಾ, ಅದನ್ನ ತಂದ ಇಡು. ದೀಪ ಹಚ್ಚೂ ಹೊತ್ತಾತು."

"ಇನ್ನೂ ಮುಗದಿಲ್ಲ ಬೇ. ಈಗ ಕಿತ್ರ ಕೆಡ್ತೈತಿ."

"ಆಕಿ ಕೀಳ್ತಿದ್ಲಲ್ಲಾ."

"ಅದಕ್ಕ ಕೆಟ್ಟಿತ್ತು."

"ದೇವರ ಮುಂದ ಇಟ್ರ ಕೆಡ್ತೈತೇನು? ಯಾವಾಂವ ಹೇಳಿದಾಂವ?"

"ಇಡೂದ್ರಿಂದ ಅಲ್ಲ ಬೇ. ನಡುವ ಕೀಳೂದ್ರಿಂದ. ಅದರ ಕೆಲಸ ಮುಗಿಯೂತನಕ ತಡೀಬೇಕಂತ."

ಅವ್ವ ನಿಂತೇ ಇದ್ದಳು. ಸೊಸೆ ಮಾಡುತ್ತಿದ್ದದ್ದು ತಪ್ಪು ಎಂದು ಒಪ್ಪುವುದಕ್ಕೆ ಅವಳ ಮನಸ್ಸು ತಯಾರಿರಲಿಲ್ಲ. ನನಗೂ ಹಾಗೆ ಹೇಳಿಸುವ ಆಸೆ ಇರಲಿಲ್ಲ. ಕೊನೆಗೆ ಒಳಗೆ ಹೋದಳು. ಕಡ್ಡಿ ಗೀರಿದ ಸದ್ದು ಕೇಳಿತು. ಆಮೇಲೆ ನೋಡಿದರೆ ಒಂದು ಕೈಯಲ್ಲಿ ನೀಲಾಂಜನ, ಇನ್ನೊಂದು ಕೈ ಅದಕ್ಕೆ ಮರೆ ಮಾಡಿಕೊಂಡು ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಬರುತ್ತಿದ್ದಳು.

"ಫ್ಯಾನ್ ಆರಸು. ಅದು ಬರಾಕ ಆಗದಿದ್ರ ನಾವ ಬರೂದು ಮತ್ತ."

ದೀಪವನ್ನು ಮೇಜಿನ ಮೇಲೆ, ಡಿಸ್ಕಿನ ಪಕ್ಕ ಇಟ್ಟಳು. ಕುಂಕುಮದ ಬೆರಳು ಮುಂದೆ ತಂದಾಗ ನಾನು ತಡೆದೆ.

"ತೂತಿನ ಕಡೆ ಬ್ಯಾಡ ಬೇ. ಮ್ಯಾಲ ಹಚ್ಚು."

"ನನಗೇನ ಕಣ್ಣ ಕಾಣೂದಿಲ್ಲೇನ?" ಎಂದು ಸರಿಯಾಗಿ ನಡುವೆ ಒಂದು ಬೊಟ್ಟು ಇಟ್ಟಳು. ನನ್ನ ಹೆಂಡತಿ ಇಟ್ಟ ಹಳೆಯ ಬೊಟ್ಟು ಅಲ್ಲೇ ಮಾಸಿಕೊಂಡಿತ್ತು, ಅದರ ಮೇಲೆಯೇ. ಆಮೇಲೆ ಇಬ್ಬರೂ ಕೂತು ಆ ಸಣ್ಣ ಚೌಕ ನೋಡಿದೆವು. ಅಕ್ಕಿಕಾಳು ಮುಗಿದು ಮಗಳನ್ನು ಕಳಿಸುವ ಹೊತ್ತು ಬಂತು. ಮಮದಾಪುರದ ಆ ಹೆಣ್ಣುಮಗಳು ಮಗಳ ಕೊರಳು ಹಿಡಿದು ಅಳುತ್ತಿದ್ದಳು. ಅದು ಮುಗಿಯುತ್ತದೆ ಅಂದುಕೊಂಡೆ. ಮುಗಿಯಲಿಲ್ಲ. ಬಹಳ ಹೊತ್ತು ಇತ್ತು. ಆ ಅಳುವನ್ನು ನನ್ನ ಹೆಂಡತಿ ಕತ್ತರಿಸಿರಲಿಲ್ಲ. ಯಾಕೆ ಬಿಟ್ಟಳೋ ನನಗೆ ಗೊತ್ತಿಲ್ಲ. ಜ್ವರದಲ್ಲಿ ಸಾಕಾಗಿರಬಹುದು. ಬೇಕೆಂದೇ ಇರಬಹುದು.

ಕುಬಸದ ದಿನ ವಿಡಿಯೋ ತುಂಬಿದ ಪೆನ್ ಡ್ರೈವ್ ತೆಗೆದುಕೊಂಡು ನಾನೇ ಮಮದಾಪುರಕ್ಕೆ ಹೋದೆ. ಕೊಟ್ಟು ಬಂದುಬಿಡುವ ವಿಚಾರವಿತ್ತು, ಅವರು ಬಿಡಲಿಲ್ಲ. ಹಸಿರು ಸೀರೆಯುಟ್ಟ ಹುಡುಗಿಯನ್ನು ಕುರ್ಚಿಯ ಮೇಲೆ ಕೂಡಿಸಿದ್ದರು. ಅವಳ ಅಣ್ಣ ಅಂದೇ ಬಂದಿದ್ದ. ಬಿಸಿಲಿಗೆ ಸುಟ್ಟ ಮುಖ, ಹೆಗಲ ಮೇಲೆ ಕಂಬಳಿ. ಟೀವಿಯ ಮುಂದೆ, ಬಹಳ ಹತ್ತಿರ, ನೆಲದ ಮೇಲೆ ಕೂತ. ಮಂದಿ ಚೇಷ್ಟೆ ಮಾಡುತ್ತಿದ್ದರು.

"ಹಿಂದ ಸರಿಯೋ, ಟೀವಿ ಒಳಗ ಹೊಕ್ಕಿ."

"ಕುರಿ ಎಣಿಸಿದಂಗ ಮಂದೀನ ಎಣಸಾಕತ್ತಾನ ನೋಡು."

ಅವನು ಹಿಂದೆ ಸರಿಯಲಿಲ್ಲ. ಟೀವಿಯಲ್ಲಿ ಭಟ್ಟರು ಕೈ ಎತ್ತಿದರು, ಗಟ್ಟಿಮೇಳ ಶುರುವಾಯಿತು. ಅವನು ಎದ್ದು ನಿಂತ. ತಂಗಿಯ ಉಡಿ ತುಂಬಲು ಇಟ್ಟಿದ್ದ ತಾಟಿನಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡ. ಟೀವಿಯಲ್ಲಿ ಎಲ್ಲರೂ ಅಕ್ಕಿಕಾಳು ಹಾಕುವಾಗ ತಾನೂ ತಿರುಗಿ ಕುರ್ಚಿಯಲ್ಲಿ ಕೂತ ತಂಗಿಯ ತಲೆಯ ಮೇಲೆ ಹಾಕಿದ. ಅವನ ತಾಯಿ ನನ್ನ ಕಡೆ ನೋಡಿ ಕೈ ಮುಗಿದಳು. ನಾನು ತಲೆ ಬಗ್ಗಿಸಿದೆ. ಆ ನಮಸ್ಕಾರ ನನ್ನದಲ್ಲ.

ಸಂಜೆ ಮನೆಗೆ ಬಂದಾಗ ಅವ್ವ ಜಗಲಿಯ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದಳು. ನಾನು ಮೊಬೈಲ್ ತೆಗೆದು ಅವಳ ಕಡೆ ಹಿಡಿದೆ.

"ನನ್ನೇನ ತಗೀತಿ? ಹಲ್ಲಿಲ್ಲದಾಕಿನ್ನ."

"ಸುಮ್ಮ ಕುಂದರ ಬೇ."

"ಸೀರಿ ಸೈತ ಬದಲ ಮಾಡಿಲ್ಲ ನಾ," ಎಂದು ಸೆರಗು ಸರಿ ಮಾಡಿಕೊಂಡಳು. ಬೈಯುತ್ತಲೇ ಬತ್ತಿ ಎಣ್ಣೆಯಲ್ಲಿ ಅದ್ದಿದಳು. ನನ್ನ ಕೈ ಈಗಲೂ ನಡುಗುತ್ತದೆ. ಅದನ್ನು ಡಿಸ್ಕಿಗೆ ಹಾಕಿದೆ. ಖಾಲಿಯಾದ ಜಾಗಕ್ಕೆ ಮೊದಲು ಹೋದದ್ದು ಅದು. ಮೂಲೆಯ ಗುರುತು ಒತ್ತಿ ಕಾಯುತ್ತ ಕೂತೆ.

"ಆತೇನು?" ಎಂದು ಅವ್ವ ಒಳಗಿನಿಂದ ಕೂಗಿದಳು.

"ತಡಿ ಬೇ, ಇನ್ನೂ ಹೇಳಿಲ್ಲ ಅದು."

ಅವ್ವ ಕಡ್ಡಿ ಗೀರದೆ ಕಾದಳು. ಈಗ ತೆಗೆಯಬಹುದು ಎಂದು ಬಂತು. ಡಿಸ್ಕು ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ, ಒಳಗೆ ಒಯ್ದು ಜಗಲಿಯ ಮೇಲಿನ ಆ ಚೌಕ ಗುರುತಿನ ಮೇಲೆ ಇಟ್ಟೆ.